ಚಾಕೊಲೇಟ್ ಸ್ಟೌಟ್ ಬರೀ ಕಹಿ ಅನ್ನಿಸುತ್ತಿದೆಯೇ? ಮನೆಯಲ್ಲೇ ರುಚಿ ನೋಡುವ, ತಿನಿಸು ಜೋಡಿಸುವ ಸಮಗ್ರ ಮಾರ್ಗದರ್ಶಿ

ಹುರಿದ ಮಾಲ್ಟ್‌ನಿಂದ ಮಾಡುವ ಕಪ್ಪು ಬಿಯರ್ ಆದ ಚಾಕೊಲೇಟ್ ಸ್ಟೌಟ್ ಬಗ್ಗೆ ಮೈಸೂರಿನ ಓದುಗರಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ ಥರ. ಸ್ನೇಹಿತರು ಸೇರಿದರು, ದುಡ್ಡು ಕೊಟ್ಟು ಒಳ್ಳೆಯ ಬಾಟಲಿ ತಂದರು, ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದರು. ಒಂದು ತಟ್ಟೆಯಲ್ಲಿ ಮೈಸೂರು ಪಾಕ್, ಇನ್ನೊಂದರಲ್ಲಿ ಖಾರದ ಕಡಲೆಬೀಜ. ಕೊನೆಗೆ ಎಲ್ಲರೂ ಕೇಳಿದ್ದು, "ಚಾಕೊಲೇಟ್ ಎಲ್ಲಿದೆ? ಬರೀ ಸುಟ್ಟ ಕಹಿಯಲ್ವಾ ಇದು?" ಮುಂದಿನ ಸಲ ಬೇರೆ ಬ್ರಾಂಡ್ ತರುತ್ತಾರೆ. ಆಗಲೂ ಅದೇ ಕಥೆ.

ಇಂಥ ಕಡೆ ತಪ್ಪು ಬಹುತೇಕ ಕ್ರಮದಲ್ಲಿರುತ್ತದೆ. ಬಿಯರ್ ತೀರಾ ತಣ್ಣಗಿರುತ್ತದೆ, ಖಾರ ಮೊದಲೇ ನಾಲಿಗೆಯ ಮೇಲೆ ಕೂತಿರುತ್ತದೆ, ಸಿಹಿ ಹೊತ್ತಿಗೆ ಮುಂಚೆ ಬಂದಿರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವುದನ್ನೂ ಹಿಂದುಮುಂದು ಮಾಡಬೇಡಿ. 21 ವರ್ಷ ತುಂಬದವರನ್ನು ಈ ಕೂಟಕ್ಕೆ ಸೇರಿಸಬೇಡಿ. ಗರ್ಭಿಣಿಯರು, ಆಲ್ಕೋಹಾಲ್ ಜೊತೆ ಹೊಂದದ ಔಷಧಿ ತೆಗೆದುಕೊಳ್ಳುತ್ತಿರುವವರು ದೂರವಿರಲಿ. ಯಾರ ಕೈಯಲ್ಲೂ ಗಾಡಿ ಕೀ ಇರಬಾರದು.

ಹಂತ 1: ಏನನ್ನು ಹುಡುಕಬೇಕೆಂದು ಮೊದಲು ತಿಳಿದುಕೊಳ್ಳಿ

ಲೇಬಲ್ ಮೇಲೆ ಚಾಕೊಲೇಟ್ ಎಂದಿದ್ದರೂ ಒಳಗೆ ಕೋಕೋ ಇರಲೇಬೇಕೆಂದಿಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕಡುಕಂದು ಆಗುವ ತನಕ ಹುರಿದರೆ ಸಿಗುವುದೇ ಚಾಕೊಲೇಟ್ ಮಾಲ್ಟ್. ಬಣ್ಣ ಮತ್ತು ಪರಿಮಳದಿಂದ ಅದಕ್ಕೆ ಆ ಹೆಸರು. ಕೆಲವು ಬ್ರೂವರಿಗಳು ಇದರ ಮೇಲೆ ಹುರಿದು ಒಡೆದ ಕೋಕೋ ಬೀಜದ ಚೂರುಗಳನ್ನೂ ಹಾಕುತ್ತವೆ. ಆದರೆ ಆ ಚೂರುಗಳಲ್ಲೂ ಸಕ್ಕರೆ ಇಲ್ಲ.

ಸಿಹಿ ಸೇರಿಸದ ಕೋಕೋ ಪುಡಿಯನ್ನು ಬೆರಳ ತುದಿಗೆ ಅಂಟಿಸಿಕೊಂಡು ನೆಕ್ಕಿ ನೋಡಿ. ಒಣ ಒಣ, ಕಹಿ, ಹಿಂದೆಯೇ ಒಂದು ಘಮ. ಸ್ಟೌಟ್‌ನಲ್ಲಿ ಹುಡುಕಬೇಕಾದ ಚಾಕೊಲೇಟ್ ಅದೇ. ಅಂಗಡಿಯ ಹಾಲಿನ ಚಾಕೊಲೇಟ್ ರುಚಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಎಷ್ಟು ಬಾಟಲಿ ತೆರೆದರೂ ಅದು ಸಿಗುವುದಿಲ್ಲ.

ಹಂತ 2: ಬಾಟಲಿ ಆರಿಸುವುದು

ಒಂದು ಕೂಟಕ್ಕೆ ಮೂರು ಬಗೆ ಸಾಕು, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಹೆಚ್ಚಾದರೆ ನಾಲಿಗೆ ದಣಿದು ಕೊನೆಯವೆಲ್ಲ ಒಂದೇ ಅನ್ನಿಸುತ್ತವೆ.

ಲೇಬಲ್‌ನಲ್ಲಿ ಮೊದಲು ನೋಡಬೇಕಾದ್ದು ಬಗೆ. ಡ್ರೈ ಸ್ಟೌಟ್ ಸಾಮಾನ್ಯವಾಗಿ ಶೇ. 4–5 ಆಲ್ಕೋಹಾಲ್‌ನದು, ಸಿಹಿ ಇಲ್ಲದ, ಕಾಫಿಯ ಕಡೆ ವಾಲುವ ರುಚಿ. ಓಟ್‌ಮೀಲ್ ಸ್ಟೌಟ್‌ನಲ್ಲಿ ಓಟ್ಸ್ ಇರುವುದರಿಂದ ಬಾಯಿಗೆ ನುಣುಪು. ಮಿಲ್ಕ್ ಸ್ಟೌಟ್‌ಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹಾಕುತ್ತಾರೆ. ಬಿಯರ್ ಯೀಸ್ಟ್ ಅದನ್ನು ತಿನ್ನಲಾರದು, ಹಾಗಾಗಿ ಸಿಹಿ ಬಿಯರ್‌ನಲ್ಲೇ ಉಳಿಯುತ್ತದೆ. ಹಾಲು ಒಗ್ಗದವರು ಇದನ್ನು ಬಿಡಬೇಕು. ಇಂಪೀರಿಯಲ್ ಸ್ಟೌಟ್ ಹೊರದೇಶಗಳಲ್ಲಿ ಶೇ. 8ರಿಂದ 12ರವರೆಗೂ ಇರುತ್ತದೆ. ಯಾರಾದರೂ ತಂದುಕೊಟ್ಟರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಡ್ರೈ, ಓಟ್‌ಮೀಲ್, ಮಿಲ್ಕ್ ಈ ಮೂರು. ಓಟ್‌ಮೀಲ್ ಸಿಗದಿದ್ದರೆ ಎರಡರಲ್ಲೇ ಮಾಡಿ, ಆದರೆ ಮಿಲ್ಕ್ ಸ್ಟೌಟ್ ಬಿಡಬೇಡಿ. ಸಿಹಿ ತಿನಿಸಿನ ಎದುರು ನಿಲ್ಲುವುದು ಅದೇ.

ಎರಡನೆಯದು ತಾರೀಖು. ವೈನ್ ಸ್ಟೋರ್‌ಗಳಲ್ಲಿ ಲಾಗರ್ (ಎಲ್ಲೆಡೆ ಸಿಗುವ ತಿಳಿ ಬಣ್ಣದ ಬಿಯರ್) ಖರ್ಚಾದಷ್ಟು ಬೇಗ ಸ್ಟೌಟ್ ಖರ್ಚಾಗುವುದಿಲ್ಲ, ಶೆಲ್ಫ್ ಮೇಲೇ ಕೂತುಬಿಡುತ್ತದೆ. ತುಂಬಿದ ತಾರೀಖು ಓದದೆ ಹಣ ಕೊಡಬೇಡಿ. ಬಿಸಿಲು ಬೀಳುವ ಕಡೆ ಜೋಡಿಸಿಟ್ಟ ಬಾಟಲಿಯೂ ಬೇಡ, ಬೆಳಕು ಬಿದ್ದರೆ ಬಿಯರ್ ಕೆಟ್ಟ ವಾಸನೆ ಹಿಡಿಯುತ್ತದೆ. ಕಂದು ಗಾಜು ತಕ್ಕಮಟ್ಟಿಗೆ ಕಾಪಾಡುತ್ತದೆ, ಕ್ಯಾನ್ ಪೂರ್ತಿ ಕಾಪಾಡುತ್ತದೆ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಿಂದ ತರುವವರು ಕಾರಿನ ಡಿಕ್ಕಿಯಲ್ಲಿಟ್ಟು ದಾರಿಯಲ್ಲಿ ಮದ್ದೂರಿನಲ್ಲಿ ಊಟಕ್ಕೆ ನಿಲ್ಲಿಸಬೇಡಿ. ಆ ಬಿಸಿ ತಾಗಿದ ಬಿಯರ್ ಬೇಗ ಹಳಸುತ್ತದೆ.

ಹಂತ 3: ಕೋಣೆ, ಲೋಟ, ಕೈ

ಇದು ಮೈಸೂರಿನವರು ಹೆಚ್ಚು ಗಮನಿಸಬೇಕಾದ ಹಂತ. ಸಂಜೆ ದೀಪ ಹಚ್ಚಿ ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಸ್ಟೌಟ್‌ನ ಘಮ ಸಿಗುವುದಿಲ್ಲ. ಗಂಧದ ಸೋಪಿನಲ್ಲಿ ಕೈ ತೊಳೆದು ಲೋಟ ಹಿಡಿದರೆ ಮೂಗಿಗೆ ಮೊದಲು ಬರುವುದು ಗಂಧವೇ. ಮುಡಿದ ಮಲ್ಲಿಗೆ, ಸೆಂಟು, ಒಳಗಿನಿಂದ ಬರುವ ಒಗ್ಗರಣೆ, ಎಲ್ಲದಕ್ಕೂ ಇದೇ ಮಾತು. ಕಿಟಕಿ ತೆರೆದು, ಅಡುಗೆ ಮೊದಲೇ ಮುಗಿಸಿ, ಬರೀ ನೀರಿನಲ್ಲಿ ಕೈ ತೊಳೆದು ಕುಳಿತುಕೊಳ್ಳಿ. ಎಲೆ ಅಡಿಕೆ ಹಾಕಿಕೊಂಡು ಬರುವವರಿಗೆ ಮುಂಚೆಯೇ ಹೇಳಿಬಿಡಿ. ವೀಳ್ಯದೆಲೆ ನಾಲಿಗೆಯನ್ನು ಸ್ವಲ್ಪ ಮರಗಟ್ಟಿಸುತ್ತದೆ, ಸುಣ್ಣ ಅಡಿಕೆಯ ಒಗರು ಬೇಗ ಹೋಗುವುದಿಲ್ಲ.

ಬೇಕಾದ ಸಾಮಾನುಗಳು ಹೆಚ್ಚಿಲ್ಲ. ಒಬ್ಬೊಬ್ಬರಿಗೆ ಬಾಯಿ ಒಳಕ್ಕೆ ಬಾಗಿದ ಒಂದು ಗಾಜಿನ ಲೋಟ (ವೈನ್ ಲೋಟ ಸಾಕು), ಅಡುಗೆಮನೆಯ ಥರ್ಮಾಮೀಟರ್, ಕುಡಿಯಲು ತಣ್ಣಗಿಲ್ಲದ ನೀರು, ಉಳಿದದ್ದನ್ನು ಸುರಿಯಲು ಒಂದು ಜಗ್ಗು, ಪೆನ್ನು ಕಾಗದ, ಬಾಯಿ ತಿಳಿ ಮಾಡಿಕೊಳ್ಳಲು ಸಪ್ಪೆ ಪುರಿ. ಉಪ್ಪು ಖಾರ ಹಚ್ಚದ ಪುರಿಯಷ್ಟು ಚೆನ್ನಾಗಿ ಈ ಕೆಲಸ ಮಾಡುವುದು ಇನ್ನೊಂದಿಲ್ಲ. ಸ್ಟೀಲ್ ಲೋಟ ಬೇಡ, ನೊರೆಯೂ ಕಾಣುವುದಿಲ್ಲ, ಬಣ್ಣವೂ ಕಾಣುವುದಿಲ್ಲ.

ಲೋಟ ಶುಚಿಯಾಗಿದೆಯೇ ಎಂದು ನೋಡಲು ಅದರಲ್ಲಿ ನೀರು ತುಂಬಿ ಚೆಲ್ಲಿ. ಒಳಗೋಡೆಯ ಮೇಲೆ ನೀರು ಒಂದೇ ಪದರವಾಗಿ ಜಾರಿದರೆ ಸರಿ. ಅಲ್ಲಲ್ಲಿ ಹನಿಯಾಗಿ ಒಡೆದು ನಿಂತರೆ ಜಿಡ್ಡೋ ಸೋಪೋ ಉಳಿದಿದೆ ಎಂದರ್ಥ, ನೊರೆ ನಿಲ್ಲುವುದಿಲ್ಲ. ಅಡುಗೆ ಸೋಡಾ ಹಾಕಿ ಉಜ್ಜಿ, ಚೆನ್ನಾಗಿ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ.

ಹಂತ 4: ಮೂಗಿಗೆ ಪಾಠ

ಬಾಟಲಿ ತೆರೆಯುವ ಮುಂಚೆ ಐದಾರು ಬಟ್ಟಲುಗಳನ್ನು ಮೇಜಿನ ಮೇಲಿಡಿ. ಕೋಕೋ ಪುಡಿ, ಚಿಕೋರಿ ಬೆರೆಸದ ಕಾಫಿ ಪುಡಿ, ರಾಗಿ ಹುರಿಹಿಟ್ಟು, ಮಂಡ್ಯದ ಕಪ್ಪು ಬೆಲ್ಲ, ಖರ್ಜೂರ, ಕಪ್ಪಗೆ ಸುಟ್ಟ ಬ್ರೆಡ್ಡಿನ ಚೂರು. ಒಂದೊಂದನ್ನೂ ಮೂಸಿ, ಕಣ್ಣು ಮುಚ್ಚಿ ಮತ್ತೆ ಮೂಸಿ ಹೆಸರಿಡಿ.

ಹುರಿಹಿಟ್ಟನ್ನು ಸುಮ್ಮನೆ ಸೇರಿಸಿಲ್ಲ. ಹುರಿದ ಧಾನ್ಯದ ಘಮ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಚಿಕ್ಕಂದಿನಿಂದ ಗೊತ್ತು. ಆ ಪರಿಚಯ ಇಟ್ಟುಕೊಂಡು ಸ್ಟೌಟ್ ಮೂಸಿದರೆ ಮಾಲ್ಟ್ ತಟ್ಟನೆ ಸಿಕ್ಕಿಬಿಡುತ್ತದೆ. ಅದು ಸಿಕ್ಕಮೇಲೆ ಅದರ ಪಕ್ಕದಲ್ಲಿರುವ ಕೋಕೋ ಘಮವನ್ನು ಬೇರ್ಪಡಿಸುವುದು ಸುಲಭ. ಈ ಹಂತ ಬಿಟ್ಟವರೇ ಎಲ್ಲ ಸ್ಟೌಟ್‌ಗೂ "ಕಾಫಿ ಥರ ಇದೆ" ಎಂದು ಬರೆಯುವುದು.

ಹಂತ 5: ತಣ್ಣನೆಯ ಲೆಕ್ಕ

ಎಲ್ಲ ಹಂತಗಳಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ ಎನ್ನುವವರಿದ್ದರೆ ಅವರಿಗೆ ಇದನ್ನೇ ಹೇಳುತ್ತೇನೆ. ಮನೆಯ ಫ್ರಿಜ್ ಸುಮಾರು 4 ಡಿಗ್ರಿಯಲ್ಲಿರುತ್ತದೆ. ಆ ಚಳಿಯಲ್ಲಿ ಘಮದ ಅಂಶಗಳು ಬಿಯರ್ ಬಿಟ್ಟು ಮೇಲೇಳುವುದಿಲ್ಲ, ನಾಲಿಗೆಗೆ ಸಿಹಿಯೂ ಮಂಕಾಗುತ್ತದೆ, ಕಹಿ ಮತ್ತು ಗ್ಯಾಸಿನ ಚುರುಕು ಮಾತ್ರ ಎದ್ದು ಕಾಣುತ್ತದೆ. "ಬರೀ ಸುಟ್ಟ ಕಹಿ" ಎಂಬ ದೂರಿನ ಬೇರು ಇಲ್ಲಿದೆ.

ಡ್ರೈ ಸ್ಟೌಟ್ 8–10 ಡಿಗ್ರಿ, ಓಟ್‌ಮೀಲ್ ಮತ್ತು ಮಿಲ್ಕ್ ಸ್ಟೌಟ್ 10–12, ಇಂಪೀರಿಯಲ್ 12–15. ಮೈಸೂರಿನ ಸಾಮಾನ್ಯ ಸಂಜೆಯ ಸೆಕೆಯಲ್ಲಿ ಚಿಕ್ಕ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು 15–20 ನಿಮಿಷ ಮೇಜಿನ ಮೇಲಿಟ್ಟರೆ ಹತ್ತರ ಆಸುಪಾಸಿಗೆ ಬರುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ, ಡಿಸೆಂಬರ್‌ನಲ್ಲಿ ತಡ. ಅಂದಾಜು ಬೇಡ, ಲೋಟಕ್ಕೆ ಸ್ವಲ್ಪ ಸುರಿದು ಥರ್ಮಾಮೀಟರ್ ಅದ್ದಿ ನೋಡಿ. ಬೇಗ ತಣ್ಣಗಾಗಲೆಂದು ಫ್ರೀಜರ್‌ಗೆ ಹಾಕಬೇಡಿ, ಲೋಟವನ್ನೂ ಅಲ್ಲಿಡಬೇಡಿ.

ನಂಬಿಕೆ ಬರದಿದ್ದರೆ ಒಂದೇ ಬಾಟಲಿಯ ಬಿಯರನ್ನು ಎರಡು ಲೋಟಕ್ಕೆ ಸುರಿಯಿರಿ. ಒಂದನ್ನು ಫ್ರಿಜ್‌ನಲ್ಲಿಟ್ಟು, ಇನ್ನೊಂದನ್ನು ಎರಡೂ ಅಂಗೈಯಲ್ಲಿ ಹಿಡಿದು ಐದು ನಿಮಿಷ ಕಾಯಿರಿ. ಆಮೇಲೆ ಎರಡನ್ನೂ ಮೂಸಿ. ಅಂಗೈಯಲ್ಲಿದ್ದ ಲೋಟದಲ್ಲಿ ಕೋಕೋ ಎದ್ದು ಬಂದಿರುತ್ತದೆ. ಇನ್ನೊಂದರಲ್ಲಿ ಹುರಿದ ವಾಸನೆಯ ಒಂದು ಎಳೆ ಬಿಟ್ಟರೆ ಏನೂ ಇರುವುದಿಲ್ಲ.

ಹಂತ 6: ಸುರಿಯುವುದು

ಒಬ್ಬರಿಗೆ 60–75 ಮಿಲಿ ಸಾಕು. 330 ಮಿಲಿಯ ಒಂದು ಬಾಟಲಿ ನಾಲ್ಕೈದು ಜನಕ್ಕೆ ಆಗುತ್ತದೆ. ತಳದಲ್ಲಿ ಗಷ್ಟು ಕಂಡರೆ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಸುರಿಯುವಾಗ ಕೊನೆಯ ಒಂದು ಬೆರಳು ಬಿಟ್ಟುಬಿಡಿ.

ಲೋಟ ಓರೆ ಹಿಡಿದು ಅರ್ಧ ಸುರಿದು, ಆಮೇಲೆ ನೆಟ್ಟಗೆ ಮಾಡಿ ನಡುವಿಗೆ ಸುರಿಯಿರಿ. ತಿಳಿ ಕಂದು ಬಣ್ಣದ ನೊರೆ ಒಂದೆರಡು ಬೆರಳು ಏಳಬೇಕು. ಕೋಕೋ ಬೀಜದ ಕೊಬ್ಬು ಸೇರಿದ ಬಿಯರ್‌ನಲ್ಲಿ ನೊರೆ ಬೇಗ ಇಳಿಯಬಹುದು, ಅದು ದೋಷವಲ್ಲ. ನೈಟ್ರೋ ಎಂದು ಬರೆದ, ಅಂದರೆ ನೈಟ್ರೋಜನ್ ಗ್ಯಾಸ್ ಸೇರಿಸಿದ ಕ್ಯಾನ್ ಮಾತ್ರ ಬೇರೆ: ಅದನ್ನು ಚೆನ್ನಾಗಿ ತಣ್ಣಗಿರುವಾಗಲೇ ತೆರೆದು, ಅಂಜದೆ ಜೋರಾಗಿ ಸುರಿದು, ಕಂದು ಅಲೆ ಕೆಳಗಿಳಿದು ಬಿಯರ್ ಕಪ್ಪಾಗುವ ತನಕ ಬಿಟ್ಟು, ಆಮೇಲೆ ಬೆಚ್ಚಗಾಗಲು ಕಾಯಬೇಕು.

ಹಂತ 7: ಮೂಸಿ, ಗುಟುಕರಿಸಿ, ಬರೆಯಿರಿ

ಹಗುರದ್ದು ಮೊದಲು, ಭಾರದ್ದು ಆಮೇಲೆ. ಸಿಹಿಯಿಲ್ಲದ್ದು ಮೊದಲು, ಸಿಹಿಯದ್ದು ಆಮೇಲೆ. ಅಂದರೆ ಡ್ರೈ, ಓಟ್‌ಮೀಲ್, ಮಿಲ್ಕ್, ಇಂಪೀರಿಯಲ್. ಮಿಲ್ಕ್ ಸ್ಟೌಟ್ ಕುಡಿದಮೇಲೆ ಡ್ರೈ ಕುಡಿದರೆ ಅದು ಬೂದಿ ಕಲಸಿದ ನೀರಿನಂತೆ ತೋರುತ್ತದೆ, ಒಳ್ಳೆಯ ಬಿಯರ್‌ಗೆ ಅನ್ಯಾಯವಾಗುತ್ತದೆ.

ಸುರಿದ ತಕ್ಷಣ ಮೂಸಿ. ಉದ್ದಕ್ಕೆ ಎಳೆಯಬೇಡಿ, ಎರಡು ಮೂರು ಸಲ ಚುಟುಕಾಗಿ. ಲೋಟ ಮೆಲ್ಲಗೆ ತಿರುಗಿಸಿ ಮತ್ತೆ ಮೂಸಿ. ಮೊದಲ ಗುಟುಕು ಬರೀ ಬಾಯಿ ಒದ್ದೆ ಮಾಡಲು, ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯ ಗುಟುಕನ್ನು ನಾಲಿಗೆಯ ತುಂಬ ಆಡಿಸಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಚಾಕೊಲೇಟ್ ಬರುವುದು ಆ ಉಸಿರಿನಲ್ಲಿ. ಮೂಗು ಬಿಗಿಹಿಡಿದು ಒಂದು ಗುಟುಕು ನುಂಗಿ, ಆಮೇಲೆ ಮೂಗು ಬಿಟ್ಟು ನೋಡಿದರೆ ನಾಲಿಗೆ ಹೇಳುವುದೆಷ್ಟು, ಮೂಗು ಹೇಳುವುದೆಷ್ಟು ಎಂಬುದು ಗೊತ್ತಾಗುತ್ತದೆ.

ಎಲ್ಲರೂ ಮೊದಲು ಬರೆದು ಮುಗಿಸಲಿ, ಮಾತು ಆಮೇಲೆ. ಮನೆಯ ಹಿರಿಯರೊಬ್ಬರು "ಇದು ಕಾಫಿನೇ ಕಣಪ್ಪ" ಎಂದುಬಿಟ್ಟರೆ ಉಳಿದವರಿಗೂ ಕಾಫಿಯೇ ಕಾಣುತ್ತದೆ. ಲೋಟದಲ್ಲಿ ಅರ್ಧ ಉಳಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಒಣಹಣ್ಣು, ಬೆಲ್ಲದ ಘಮ ಎರಡನೇ ಸುತ್ತಿನಲ್ಲೇ ಹೆಚ್ಚಾಗಿ ಸಿಗುತ್ತದೆ. ಎರಡು ಬಿಯರ್ ನಡುವೆ ನೀರು, ಒಂದು ಹಿಡಿ ಪುರಿ.

ಹಂತ 8: ಎಚ್ಚರಿಕೆಯ ಸೂಚನೆಗಳು

ತಿನಿಸು ಬರುವ ಮುಂಚೆ ಬಿಯರ್ ಸರಿಯಿದೆಯೇ ಎಂದು ಖಚಿತವಾಗಬೇಕು. ಕೆಟ್ಟ ಬಿಯರ್‌ಗೆ ಯಾವ ತಿನಿಸೂ ಜೋಡಿಯಾಗುವುದಿಲ್ಲ.

ನೆನೆದ ರಟ್ಟಿನ ವಾಸನೆ ಬಂದರೆ ಗಾಳಿ ಮತ್ತು ಶಾಖದಿಂದ ಹಳಸಿದೆ. ಪಾಪ್‌ಕಾರ್ನ್ ಮೇಲಿನ ಬೆಣ್ಣೆಯಂತೆ ಜೋರಾಗಿ ಹೊಡೆದರೆ, ಬೇಯಿಸಿದ ಮೆಕ್ಕೆಜೋಳದಂತಿದ್ದರೆ ತಯಾರಿಕೆಯಲ್ಲೇ ಎಡವಿದ್ದಾರೆ. ಆಸ್ಪತ್ರೆಯ ಬ್ಯಾಂಡೇಜಿನ ವಾಸನೆಯೂ ದೋಷವೇ. ಸೋಯಾ ಸಾಸ್‌ನಂಥ ಉಪ್ಪುಪ್ಪು ಘಾಟು ಬಹಳ ಹಳೆಯ ಸ್ಟೌಟ್‌ನ ಗುರುತು. ಮುಚ್ಚಳ ತೆಗೆದ ಕೂಡಲೇ ಉಕ್ಕಿ ಹರಿದು, ಜೊತೆಗೆ ಹುಳಿಯೂ ಇದ್ದರೆ ಸೋಂಕು ತಗುಲಿದೆ. ಚೆಲ್ಲಿಬಿಡಿ.

ಹುಳಿಯ ವಿಷಯದಲ್ಲಿ ಮಾತ್ರ ಅವಸರಪಡಬೇಡಿ. ಕಡುವಾಗಿ ಹುರಿದ ಮಾಲ್ಟ್‌ಗೆ ತನ್ನದೇ ಸಣ್ಣ ಹುಳಿ ಇದೆ, ಹಾಲು ಬೆರೆಸದ ಡಿಕಾಕ್ಷನ್‌ನಲ್ಲಿ ಇರುವಂಥದ್ದು. ಅದು ಗುಟುಕಿನ ಕೊನೆಗೆ ಬಂದು ಹೋಗುತ್ತದೆ. ಹುಣಸೆಹಣ್ಣು ಬಾಯಿಗಿಟ್ಟ ಹಾಗೆ ದವಡೆ ಜುಮ್ಮೆನ್ನಿಸಿದರೆ ಅದು ಬೇರೆ, ಅದು ಕೆಟ್ಟದ್ದು.

ಹಂತ 9: ತಿನಿಸಿನ ಜೋಡಣೆ

ಜೋಡಿಸುವ ವಿಧಾನಕ್ಕೂ ಕ್ರಮವಿದೆ. ಬಿಯರ್ ಒಂದು ಗುಟುಕು, ನಂತರ ಉಗುರಿನಷ್ಟು ತಿನಿಸು, ಅದನ್ನು ಮುಕ್ಕಾಲು ಅಗಿದು ಬಾಯಲ್ಲಿರುವಾಗಲೇ ಮತ್ತೊಂದು ಗುಟುಕು. ಆಮೇಲೆ ಕೇಳಿಕೊಳ್ಳಬೇಕಾದ್ದು ಇಷ್ಟೇ: ಬಿಯರ್ ಸೋತಿತೇ, ತಿನಿಸು ಸೋತಿತೇ, ಇಲ್ಲ ಎರಡೂ ಉಳಿದು ಹೊಸದೇನಾದರೂ ಬಂತೇ? ಉಪ್ಪಿನ ತಿನಿಸು ಮೊದಲು, ಮಾಂಸ ಆಮೇಲೆ, ಸಿಹಿ ಕಟ್ಟಕಡೆಗೆ.

ಡ್ರೈ ಸ್ಟೌಟ್‌ಗೆ ಮದ್ದೂರು ವಡೆ. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಗ್ಯಾಸು ಎಣ್ಣೆ ಜಿಡ್ಡನ್ನು ತೊಳೆಯುತ್ತದೆ, ಕರಿದ ಅಂಚಿನ ಕಂದು ರುಚಿ ಮಾಲ್ಟ್ ಜೊತೆ ಕೂಡಿಕೊಳ್ಳುತ್ತದೆ. ಚಟ್ನಿ ಬೇಡ. ಈರುಳ್ಳಿ ವಾಸನೆ ಬಾಯಲ್ಲಿ ನಿಲ್ಲುವುದರಿಂದ ವಡೆಯಾದ ಮೇಲೆ ನೀರು, ಪುರಿ ಎರಡೂ ಬೇಕು.

ಓಟ್‌ಮೀಲ್ ಸ್ಟೌಟ್‌ಗೆ ಮಾಂಸ. ಕೈಮಾ ಉಂಡೆಯನ್ನು ಸಾರಿಗೆ ಹಾಕದೆ ಒಣದಾಗಿ ಹುರಿದರೆ ಬಹಳ ಚೆನ್ನ. ಬನ್ನೂರು ಕುರಿಯ ಚಾಪ್ಸ್ ಸಿಕ್ಕರೆ ಇನ್ನೂ ಒಳ್ಳೆಯದು, ಆ ಕೊಬ್ಬಿಗೆ ಸ್ಟೌಟ್‌ನ ಕಹಿ ಬೇಕೇ ಬೇಕು. ಹುರಿದ ಧನಿಯ, ಚಕ್ಕೆ, ಲವಂಗದ ಮಸಾಲೆ ಹುರಿದ ಮಾಲ್ಟ್‌ಗೆ ಹತ್ತಿರದ ನೆಂಟ. ಹಸಿಮೆಣಸಿನಕಾಯಿ ಮಾತ್ರ ಅರ್ಧಕ್ಕಿಳಿಸಿ, ಬೇಕಿದ್ದರೆ ಕಾಳುಮೆಣಸು ಹಾಕಿ. ಮೆಣಸಿನಕಾಯಿಯ ಖಾರದ ಮೇಲೆ ಗ್ಯಾಸು, ಆಲ್ಕೋಹಾಲು ಬಿದ್ದರೆ ಉರಿ ಹೆಚ್ಚುತ್ತದೆಯೇ ಹೊರತು ಆರುವುದಿಲ್ಲ. ನಾಟಿ ಕೋಳಿ ಸಾರು, ಮುದ್ದೆ ನಮಗೆಲ್ಲ ಪ್ರಿಯವಾದ ಊಟ. ಆದರೆ ಆ ಖಾರಕ್ಕೆ, ಆ ಬಿಸಿಗೆ ಸ್ಟೌಟ್ ನಿಲ್ಲುವುದಿಲ್ಲ. ಅದನ್ನು ರುಚಿ ನೋಡುವ ಕೆಲಸ ಮುಗಿದ ಮೇಲೆ ಉಣ್ಣಿ.

ಇನ್ನು ಸಿಹಿ. ಒಂದೇ ನಿಯಮ: ತಿನಿಸು ಬಿಯರ್‌ಗಿಂತ ಬಹಳ ಸಿಹಿಯಾಗಿರಬಾರದು. ಸಿಹಿಯಾದಷ್ಟೂ ಬಿಯರ್ ತೆಳ್ಳಗೆ, ಹುಳಿಯಾಗಿ, ಕಹಿಯಾಗಿ ಕಾಣುತ್ತದೆ. ಜಾಮೂನು, ಜಿಲೇಬಿಯಂಥ ಪಾಕದ ತಿಂಡಿಗಳು ಇದಕ್ಕೇ ಸೋಲುತ್ತವೆ.

ಮೈಸೂರು ಪಾಕ್ ಸೋಲಬೇಕೆಂದಿಲ್ಲ, ಆದರೆ ಯಾವ ಪಾಕ್, ಎಷ್ಟು ಎಂಬುದು ಮುಖ್ಯ. ತುಪ್ಪ ಸುರಿಯುವ ಮೆತ್ತನೆಯದ್ದು ಬಿಟ್ಟು ಗಟ್ಟಿಯಾದ, ಗೂಡುಗೂಡಾದ ಬಗೆ ತನ್ನಿ. ತುಂಡನ್ನು ಅಡ್ಡಕ್ಕೆ ಒಡೆದು ನೋಡಿ: ಮೇಲೆ ಕೆಳಗೆ ಹಳದಿ, ನಡುವೆ ಒಂದು ಕಂದು ಪಟ್ಟಿ. ತಟ್ಟೆಗೆ ಸುರಿದ ಮೇಲೂ ನಡುಭಾಗ ಹೆಚ್ಚು ಹೊತ್ತು ಕಾದಿರುವುದರಿಂದ ಅಲ್ಲಿ ಕಡಲೆಹಿಟ್ಟು ಇನ್ನಷ್ಟು ಹುರಿದಿರುತ್ತದೆ. ಆ ಕಂದು ಭಾಗದ್ದೇ ಒಂದು ಚೂರು ತೆಗೆದು ಮಿಲ್ಕ್ ಸ್ಟೌಟ್ ಜೊತೆ ತಿನ್ನಿ. ಹುರಿದ ಕಡಲೆಯೂ ಹುರಿದ ಬಾರ್ಲಿಯೂ ಒಂದಾಗಿ ಬರುವ ರುಚಿ ಬೇರೆಲ್ಲೂ ಸಿಗುವುದಿಲ್ಲ, ಈ ಊರಿನವರಿಗೆ ಇದಕ್ಕಿಂತ ಸರಿಯಾದ ಜೋಡಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಜೋಡಿಗೆ ಮಾತ್ರ ಬಿಯರ್ 12 ಡಿಗ್ರಿಗಿಂತ ಕೆಳಗಿರಬಾರದು. ತೀರಾ ತಣ್ಣಗಿದ್ದರೆ ತುಪ್ಪ ಅಂಗುಳದಲ್ಲೇ ಹೆಪ್ಪುಗಟ್ಟಿ ಪದರವಾಗಿ ಕೂರುತ್ತದೆ, ಆಮೇಲೆ ಏನೂ ರುಚಿಸುವುದಿಲ್ಲ.

ಸಿಹಿ ಕಡಿಮೆ ಬೇಕೆನ್ನುವವರಿಗೆ ಎಳ್ಳುಂಡೆ, ಕಡಲೆ ಮಿಠಾಯಿ. ಹುರಿದ ಎಳ್ಳಿನ ಸಣ್ಣ ಕಹಿ, ಬೆಲ್ಲದ ಗಾಢ ರುಚಿ ಎರಡೂ ಓಟ್‌ಮೀಲ್ ಸ್ಟೌಟ್‌ಗೆ ಒಗ್ಗುತ್ತವೆ. ನಂಜನಗೂಡು ರಸಬಾಳೆ ಚೆನ್ನಾಗಿ ಕಳಿತಿದ್ದರೆ ಮಿಲ್ಕ್ ಸ್ಟೌಟ್ ಜೊತೆ ಒಂದು ಬಿಲ್ಲೆ.

ಚಾಕೊಲೇಟ್ ಜೊತೆ ಚಾಕೊಲೇಟ್ ಸ್ಟೌಟ್ ಸುಲಭ ಎಂದುಕೊಳ್ಳುತ್ತಾರೆ, ಆದರೆ ಕಷ್ಟದ ಜೋಡಿ ಅದು. ಶೇ. 85 ಕೋಕೋ ಇರುವ ಕಡುಕಪ್ಪು ಚಾಕೊಲೇಟ್ ಮತ್ತು ಡ್ರೈ ಸ್ಟೌಟ್ ಸೇರಿದರೆ ಕಹಿಯ ಮೇಲೆ ಕಹಿ. ಶೇ. 65–70ರದು ತಂದು ಮಿಲ್ಕ್ ಅಥವಾ ಇಂಪೀರಿಯಲ್ ಜೊತೆ ಇಡಿ. ಕೋಕೋ ಬೀಜದಿಂದ ಹಿಡಿದು ಪೂರ್ತಿ ಇಲ್ಲೇ ತಯಾರಿಸುವ ನವಿಲುನ ಎಂಬ ಚಾಕೊಲೇಟ್ ಕಂಪನಿ ಮೈಸೂರಿನದೇ, ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚೂರನ್ನು ಅಗಿಯದೆ ನಾಲಿಗೆಯ ಮೇಲೆ ಕರಗಲು ಬಿಟ್ಟು, ಅರ್ಧ ಕರಗಿದಾಗ ಗುಟುಕರಿಸಿ.

ಹುಣಸೆ ಗೊಜ್ಜು, ಪುಳಿಯೋಗರೆ, ಉಪ್ಪಿನಕಾಯಿ, ಬೆಳ್ಳುಳ್ಳಿ ಕೆಂಪು ಚಟ್ನಿ ಸವರಿದ ಮಸಾಲೆ ದೋಸೆ ಇವು ಮೇಜಿನ ಹತ್ತಿರ ಬರಬಾರದು. ಹುಳಿ ಸ್ಟೌಟ್‌ನ ಹುಳಿಯನ್ನು ಕೆರಳಿಸುತ್ತದೆ. ಐಸ್‌ಕ್ರೀಮ್ ನಾಲಿಗೆ ಮರಗಟ್ಟಿಸುತ್ತದೆ.

ಹಂತ 10: ಉಳಿದದ್ದು

ತೆರೆದ ಸ್ಟೌಟ್ ಮಾರನೇ ದಿನಕ್ಕೆ ಕುಡಿಯಲು ಯೋಗ್ಯವಾಗಿರುವುದಿಲ್ಲ, ಗ್ಯಾಸು ಹೋಗಿ ಸಪ್ಪಗಾಗುತ್ತದೆ. ಉಳಿದಿದೆಯೆಂದು ಆ ರಾತ್ರಿಯೇ ಮುಗಿಸಲು ಹೋಗಬೇಡಿ. ಮುಚ್ಚಿ ಫ್ರಿಜ್‌ನಲ್ಲಿಟ್ಟು ಮಾರನೇ ದಿನದ ಮಟನ್ ಬೇಯಿಸುವ ನೀರಿನ ಜೊತೆ ಒಂದು ಸಣ್ಣ ಲೋಟದಷ್ಟು ಸೇರಿಸಿ. ತೀರಾ ಬತ್ತಿಸಬಾರದು, ಬತ್ತಿದಷ್ಟೂ ಕಹಿ ಗಟ್ಟಿಯಾಗುತ್ತದೆ. ಹಾಗೇನಾದರೂ ಆದರೆ ಒಂದು ಚೂರು ಬೆಲ್ಲ ಹಾಕಿ ಕುದಿಸಿ.